ಬೇಡಿಯಿಲ್ಲದ ಪೊಲೀಸರು

ಸಿನಿಮಾದ ಇಂಟರ್‌ಪೋಲ್ ಅಧಿಕಾರಿಯನ್ನು ನೋಡಿದ್ದೀರಲ್ಲ? ಉದ್ದ ಕೋಟು, ಕಪ್ಪು ಕನ್ನಡಕ. ಹೆಲಿಕಾಪ್ಟರಿನಿಂದ ಇಳಿದವನೇ ಖಳನ ಕೈಗೆ ಬೇಡಿ ಹಾಕುತ್ತಾನೆ. ಪಾಪ, ನಿರ್ದೇಶಕರು ಇಂಟರ್‌ಪೋಲ್ ಸಂವಿಧಾನ ಓದಿರಲಿಕ್ಕಿಲ್ಲ. ಅದರ 50 ವಿಧಿಗಳನ್ನು ಜಾಲಾಡಿದರೂ ಬೇಡಿಯೂ ಸಿಗದು, ಲಾಠಿಯೂ ಸಿಗದು. ಫ್ರಾನ್ಸಿನ ಲಿಯಾನ್‌ನಲ್ಲಿ ಕೂತು ಕೆಂಪು, ನೀಲಿ, ಹಳದಿ ಅಂತ ಬಣ್ಣಬಣ್ಣದ ನೋಟಿಸು ಕಳಿಸುವುದಷ್ಟೇ ಕೆಲಸ. ಹಿಡಿಯುವುದು, ಬಿಡುವುದು ಆಯಾ ದೇಶದವರ ಚಿತ್ತ. 2024ರಲ್ಲಿ ಆರೋಪ ಹೊತ್ತ ಹಾಸನದ ಸಂಸದರು ವಿದೇಶ ಸೇರಿದಾಗ ನಮ್ಮ ಟಿ.ವಿ.ಯವರು ಬ್ಲೂ ಕಾರ್ನರ್ ನೋಟಿಸನ್ನು ಬ್ರಹ್ಮಾಸ್ತ್ರದ ಹಾಗೆ ಝಳಪಿಸಿದರು. ಅದರ ತಾತ್ಪರ್ಯ ಇಷ್ಟೇ: 'ಈ ಆಸಾಮಿ ಎಲ್ಲಿದ್ದಾರೆ, ಕಂಡರೆ ತಿಳಿಸಿ.' ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಅವರನ್ನು ಹಿಡಿದದ್ದು ನಮ್ಮ ವಿಶೇಷ ತನಿಖಾ ತಂಡ (ಎಸ್‌ಐಟಿ).

ಈ ಸಂವಿಧಾನ ಹುಟ್ಟಿದ್ದೇ ಒಂದು ತಮಾಷೆ. 1956ರಲ್ಲಿ ವಿಯೆನ್ನಾದಲ್ಲಿ ಪೊಲೀಸ್ ಅಧಿಕಾರಿಗಳು ಸೇರಿ ಪಾಸು ಮಾಡಿಕೊಂಡರು. ಹಳೆಯ ಸದಸ್ಯರಲ್ಲಿ ಒಲ್ಲೆ ಎನ್ನುವವರು ಆರು ತಿಂಗಳೊಳಗೆ ಹೇಳಬೇಕು. ಬಾಯಿ ಬಿಡದಿದ್ದರೆ ಒಪ್ಪಿದಂತೆ! ಮೌನಂ ಸಮ್ಮತಿ ಲಕ್ಷಣಂ. ಹೊಸಬರಿಗೆ ಮೂರನೇ ಎರಡು ಮತ ಬೇಕು. ಒಳಗಿರುವವರನ್ನು ಹೊರಹಾಕಲು? ಅದಕ್ಕೆ ವಿಧಿಯೇ ಇಲ್ಲ. ಚಂದಾ ಬಾಕಿ ಉಳಿಸಿಕೊಂಡರೆ ಮಾತ್ರ ಮತದ ಹಕ್ಕಿಗೆ ಕುತ್ತು, ಥೇಟ್ ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘ.

ಮೂರನೇ ವಿಧಿಯದ್ದು ಮಡಿ ಜಾಸ್ತಿ. ರಾಜಕೀಯ, ಸೈನಿಕ, ಧಾರ್ಮಿಕ, ಜನಾಂಗೀಯ ವಿಷಯಗಳಿಗೆ ಕೈ ಹಾಕಲೇಬಾರದು. ಮಡಿಗೆ ಕಾರಣವೂ ಉಂಟು: 1938ರಲ್ಲಿ ನಾಜಿಗಳು ಸಂಸ್ಥೆಯನ್ನೇ ನುಂಗಿದರು, 1940ರಲ್ಲಿ ಹೈಡ್ರಿಚ್‌ನಂಥ ಕಟುಕ ಅದರ ಅಧ್ಯಕ್ಷನಾದ. ಈಗ ತೊಡಕೇನೆಂದರೆ, ಯಾವ ಸರ್ಕಾರವೂ ತನ್ನ ವಿರೋಧಿಯನ್ನು ರಾಜಕಾರಣಿ ಅಂತ ಬರೆದು ಕಳಿಸುವುದಿಲ್ಲ; ವಂಚಕ, ತೆರಿಗೆಗಳ್ಳ ಅಂತ ಬರೆಯುತ್ತದೆ. ಕಡತ ಜಾಲಿಸಲು ಬೇರೆ ಆಯೋಗವೇ ಬೇಕಾಯಿತು.

ಇನ್ನು 2018ರ ಕಥೆ ಕೇಳಿ. ಅಧ್ಯಕ್ಷ ಮೆಂಗ್ ಹೊಂಗ್‌ವೇ ಚೀನಾಕ್ಕೆ ಹೋದವರು ನಾಪತ್ತೆ! ಜಗತ್ತಿನ ಪೊಲೀಸರ ಅಧ್ಯಕ್ಷರೇ ಕಾಣೆ. ಆಮೇಲೆ ಬಂದದ್ದು ರಾಜೀನಾಮೆ ಪತ್ರ, ಅದರ ಬೆನ್ನಿಗೇ ಲಂಚದ ಆರೋಪ. ನಿಯಮದಂತೆ ಹಿರಿಯ ಉಪಾಧ್ಯಕ್ಷರು ಕುರ್ಚಿ ಏರಿದರು. ಲಿಯಾನ್‌ನಲ್ಲೇ ಇದ್ದ ಮೆಂಗ್ ಅವರ ಪತ್ನಿ, ಗಂಡ ಕಾಣೆಯಾಗಿದ್ದಾರೆಂದು ದೂರು ಕೊಟ್ಟದ್ದು ಇಂಟರ್‌ಪೋಲಿಗಲ್ಲ, ಫ್ರಾನ್ಸಿನ ಪೊಲೀಸರಿಗೆ. ಆಕೆ ಸಂವಿಧಾನ ಓದಿಕೊಂಡಿರಬೇಕು.