ಸರಾಸರಿ ನೀರು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯಲ್ಲಿ ಕೊಳವೆಬಾವಿಯ ಫ್ಲೋರೈಡ್ ಹಳೆಯ ಪೀಡೆ. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಮೇರೆ. ಬೇರೆ ಜಲಮೂಲವೇ ಇಲ್ಲದಿದ್ದರೆ 1.5. ಅದನ್ನು ಮೀರಿದ ನೀರು ಮಕ್ಕಳ ಹಲ್ಲಿಗೆ ಕಂದು ಪಟ್ಟೆ ಬಳಿಯುತ್ತದೆ, ವರ್ಷಗಟ್ಟಲೆ ಕುಡಿದವರ ಬೆನ್ನು, ಕೀಲುಗಳನ್ನು ಬಿಗಿಯುತ್ತದೆ. ಇದನ್ನು ತಿಳಿಸಲು ಮುಟ್ಟಿದರೆ ಮಾಹಿತಿ ತೋರುವ ಡಿಜಿಟಲ್ ನಕ್ಷೆ ರೂಪಿಸುವ ಸಭೆ ಬಹುತೇಕ ಹೀಗೆ ಸಾಗುತ್ತದೆ.

ವಿನ್ಯಾಸಕ: "ಊರಿನ ಮೇಲೆ ಬೆರಳಿಟ್ಟರೆ ಕೆಂಪಾಗುತ್ತೆ, ಸರ್."

ಅಧಿಕಾರಿ: "ಕೆಂಪು ಬ್ಯಾಡ್ರಿ, ವಿಧಾನಸಭಾದಾಗ ಪ್ರಶ್ನಿ ಬರ್ತದ. ತಿಳಿ ಗುಲಾಬಿ ಹಾಕ್ರಿ."

ವಾಟರ್‌ಮನ್: "ಸಾಹೇಬ್ರ, ಒಂದ ಊರಾಗ ಒಂದು ಬೋರ್ ಛಲೋ ಇರ್ತದ, ಇನ್ನೊಂದು ಕೆಟ್ಟಿರ್ತದ. ಊರಿಗೆಲ್ಲ ಒಂದ ಬಣ್ಣ ಹ್ಯಾಂಗ್ರಿ?"

ಅಧಿಕಾರಿ: "ಸರಾಸರಿ ತಗೀರಿ."

ವಾಟರ್‌ಮನ್: "ಸರಾಸರಿ ನೀರು ಯಾರೂ ಕುಡಿಯೂದಿಲ್ರಿ."

ಬಂಡೆ, ಆಳ ಬದಲಾದಂತೆ ಫ್ಲೋರೈಡೂ ಬದಲಾಗುತ್ತದೆ. ಅಲ್ಲಿಯವರೆಗೆ ಸಭೆಯಲ್ಲಿ ಹೊರಟ ವಿಜ್ಞಾನದ ಮಾತು ವಾಟರ್‌ಮನ್ ಆಡಿದ ಇದೊಂದೇ. ನಡಾವಳಿಯಲ್ಲಿ ಅದು ದಾಖಲಾಗುವುದಿಲ್ಲ.

ಮುಂದಿನದು ನಕ್ಷೆಯಲ್ಲಿ ಪರಿಹಾರ ತೋರುವ ಗುಂಡಿ. "ಕುದಿಸಿ ಕುಡಿಯಿರಿ" ಎಂಬ ಸಾಲು ಹಳೆಯ ಭಿತ್ತಿಪತ್ರದಿಂದ ಸಿದ್ಧವಾಗಿಯೇ ಬರುತ್ತದೆ. ಕುದಿಸಿದರೆ ಹಾರುವುದು ನೀರು. ಫ್ಲೋರೈಡ್ ಉಳಿದು ಗಾಢವಾಗುತ್ತದೆ.

ಆಶಾ ಕಾರ್ಯಕರ್ತೆ: "ಆ ಸಾಲು ತಗದು ಶುದ್ಧ ನೀರಿನ ಘಟಕ ಎಲ್ಲದ ಅಂತ ತೋರಸ್ರಿ."

ವಿನ್ಯಾಸಕ: "ಘಟಕ ಕೆಟ್ಟಿದ್ದರೆ ಏನು ತೋರಿಸಲಿ?"

ವಾಟರ್‌ಮನ್: "ಬೀಗದ ಚಿತ್ರ ಹಾಕ್ರಿ. ಮಂದಿಗೆ ಗುರುತು ಸಿಗ್ತದ."