ಚೀಟಿರಾಯರು

ಮೇಜಿನ ಸುತ್ತ ಐದಾರು ಜನ, ನಡುವೆ ದಾಳಗಳು, ತಟ್ಟೆಯಲ್ಲಿ ಕೋಡುಬಳೆ. ಅವರಲ್ಲೊಬ್ಬರು ಹಳೇ ಕರೆಂಟ್ ಬಿಲ್ಲಿನ ಹಿಂಬದಿಯಲ್ಲಿ ಅಂಗೈ ಮರೆಮಾಡಿಕೊಂಡು ಏನೋ ಗೀಚುತ್ತಿದ್ದರೆ, ಅವರೇ ಚೀಟಿರಾಯರು. 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಡುವ ಗುಂಪುಗಳಲ್ಲಿ ಈ ಜಾತಿಯವರು ಒಬ್ಬರಾದರೂ ಇರುತ್ತಾರೆ. ಬೆಂಗಳೂರಿನಲ್ಲಿ ಭಾನುವಾರ ಸೇರುವ ನಮ್ಮ ಗುಂಪಿಗೂ ದೇವರು ಒಬ್ಬರನ್ನು ಕರುಣಿಸಿದ್ದಾನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಬ್ಬರು ಕಥೆ ನಡೆಸುತ್ತಾರೆ, ಅವರು ಡಿಎಂ. ಉಳಿದವರು ತಲೆಗೊಂದು ಪಾತ್ರ ವಹಿಸಿಕೊಂಡು, ಯೋಧನೋ ಮಂತ್ರವಾದಿಯೋ ಪೂಜಾರಿಯೋ ಕಳ್ಳನೋ ಆಗಿ, ಒಟ್ಟಿಗೆ ಗುಹೆ ಹೊಕ್ಕು, ರಾಕ್ಷಸರನ್ನು ಬಡಿದು, ಸಿಕ್ಕಿದ ಚಿನ್ನ ಹಂಚಿಕೊಳ್ಳಬೇಕು. ಏಟು ತಗುಲಿತೋ ತಪ್ಪಿತೋ ಎಂಬುದು ಇಪ್ಪತ್ತು ಮುಖದ ದಾಳದ ತೀರ್ಪು. ನಮ್ಮನಮ್ಮಲ್ಲಿ ಗೆಲುವು ಸೋಲು ಇಲ್ಲ, ಎಲ್ಲರೂ ಒಂದೇ ಕಡೆ. ರಾಯರಿಗೆ ಅರಗದಿರುವುದು ಇದೊಂದೇ.

ಕೇಳಿದರೆ ವಂಶಾವಳಿ ಒಪ್ಪಿಸುತ್ತಾರೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟ ಹೊರತಂದದ್ದು 1974ರಲ್ಲಿ. ಅದಕ್ಕೂ ಮೊದಲು ಅಮೆರಿಕದ ಮಿನೆಸೋಟಾದಲ್ಲಿ ಡೇವಿಡ್ ವೆಸ್ಲಿ ಎಂಬಾತ 'ಬ್ರೌನ್‌ಸ್ಟೈನ್' ಅನ್ನುವ ಆಟ ನಡೆಸುತ್ತಿದ್ದ. ಅದರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಗುಟ್ಟಿನ ಗುರಿ. ಲ್ಯಾಟಿನ್ ಅಮೆರಿಕದ ಕಾಲ್ಪನಿಕ ದೇಶವೊಂದರ ಆಟದಲ್ಲಿ ಆರ್ನೆಸನ್‌ಗೆ ಸಿಕ್ಕಿದ್ದು ಕರಪತ್ರ ಹಂಚುವ ಕ್ರಾಂತಿಕಾರಿಯ ಪಾತ್ರ. ಆ ಪುಣ್ಯಾತ್ಮ ಸಿಐಎಯ ನಕಲಿ ಗುರುತಿನ ಚೀಟಿ ತಯಾರಿಸಿಕೊಂಡು ಬಂದು, ತಾನು ಮಾರುವೇಷದ ಗೂಢಚಾರ ಎಂದು ಎಲ್ಲರನ್ನೂ ನಂಬಿಸಿ, ದೇಶದ ಖಜಾನೆಯನ್ನೇ ಹೆಲಿಕಾಪ್ಟರ್‌ನಲ್ಲಿ ಹೇರಿಕೊಂಡು ಹೋದನಂತೆ. "ಆಟ ಹುಟ್ಟಿಸಿದೋನೇ ಹಿಂಗ್ ಮಾಡಿರುವಾಗ ನಂದೇನ್ ಗುರು ತಪ್ಪು? ನಾನು ಕದಿಯಲ್ಲ, ನನ್ನ ಕ್ಯಾರೆಕ್ಟರ್ ಕದಿಯುತ್ತೆ" ಎನ್ನುತ್ತಾರೆ ರಾಯರು. ಈ ವಾದಕ್ಕೆ ನನ್ನ ಬಳಿ ಉತ್ತರವಿಲ್ಲ. ಹೊಟ್ಟೆಯುರಿ ಮಾತ್ರ ಇದೆ, ಅದಕ್ಕೆ ಕಾರಣ ಒಂದು ವಜ್ರ.

ನನ್ನ ಪಾತ್ರ ಪೂಜಾರಿ. ಗಾಯ ಮಾಯಿಸುವುದು, ಸತ್ತವರನ್ನು ಎಬ್ಬಿಸುವುದು ಅವನ ಉದ್ಯೋಗ. ಮನೆಯಲ್ಲಿ ಟ್ಯೂಬ್‌ಲೈಟ್ ಬದಲಿಸಲೂ ನೆರೆಮನೆಯವರನ್ನು ಕರೆಯುವ ನನಗೆ ಈ ಅಧಿಕಾರ ಬಲು ಹಿತವಾಗಿತ್ತು. ಆದರೆ ಎಬ್ಬಿಸುವುದಕ್ಕೂ ಕಟ್ಟಳೆ ಉಂಟು: ಸತ್ತ ಒಂದು ನಿಮಿಷದೊಳಗೆ ಮಂತ್ರ ಹಾಕಬೇಕು, 300 ಚಿನ್ನದ ನಾಣ್ಯ ಬೆಲೆಬಾಳುವ ವಜ್ರ ಅದಕ್ಕೆ ಆಹುತಿಯಾಗಬೇಕು. ಎಲ್ಲರೂ ಪಾಲು ಹಾಕಿ ಅಂಥದೊಂದು ಕೊಂಡು ನನ್ನ ಚೀಲದಲ್ಲಿ ಇಟ್ಟಿದ್ದರು.

ಒಂದು ಭಾನುವಾರ ರಾಯರು ಡಿಎಂ ಮೇಡಂಗೆ ಚೀಟಿ ದಾಟಿಸಿದರು. ಮೇಡಂ ಓದಿ, ಮುಖದಲ್ಲಿ ಏನೂ ತೋರಗೊಡದೆ, "ಹಾಕಿ" ಅಂದರು. ದಾಳ ಉರುಳಿತು. ಕಳ್ಳನ ಕೈಚಳಕಕ್ಕೆ ಎದುರು ನಿಲ್ಲುವುದು ನನ್ನ ಪೂಜಾರಿಯ ಎಚ್ಚರ. ಹಾಳೆಯಲ್ಲಿ ಬರೆದಿಟ್ಟ ಅಂಕಿ ಅದು, ನನ್ನದು 16. ರಾಯರದು ಅದನ್ನು ದಾಟಿತ್ತು. ಈ ಏರ್ಪಾಡಿನ ಸೊಗಸು ನೋಡಿ: ಕಳುವಾದದ್ದು ಹಾಗಿರಲಿ, ಯಾರೋ ಕೈ ಹಾಕಿದ್ದೂ ಕಳಕೊಂಡವನಿಗೆ ತಿಳಿಯುವುದಿಲ್ಲ. ನಾನು ಕೋಡುಬಳೆ ಮುರಿಯುತ್ತಿದ್ದೆ.

ಮುಂದೆ ಯಾವುದೋ ಗುಹೆಯಲ್ಲಿ ದೈತ್ಯನೊಬ್ಬ ಗದೆ ಬೀಸಿ ರಾಯರ ಕಳ್ಳನನ್ನು ಕೆಡವಿದ. ಸಾಯುವವನಿಗೂ ದಾಳದ ಅವಕಾಶ ಇರುತ್ತದೆ. ಮೂರು ಸಲ ಹತ್ತಕ್ಕಿಂತ ಕಡಿಮೆ ಬಿತ್ತೋ, ಕಥೆ ಮುಗಿಯಿತು. ಬಿತ್ತು. ನಾನು ಗುಹೆಯ ಆ ತುದಿಯಿಂದ ಓಡಿ ಬಂದು, "ಯೋಚನೆ ಮಾಡ್ಬೇಡಿ ಸಾರ್, ವಜ್ರ ಇದೆ" ಎಂದು ಅಭಯ ನೀಡಿ ಚೀಲಕ್ಕೆ ಕೈ ಹಾಕಿದೆ.

"ಗಾಜಿನ ಮಣಿ ಸಿಕ್ಕಿತು" ಅಂದರು ಮೇಡಂ.

ಆ ಕ್ಷಣದ ರಾಯರ ಮುಖವನ್ನು ಫೋಟೋ ಹಿಡಿಯಬೇಕಿತ್ತು. ವಜ್ರ ಇರುವುದು ಅವರದೇ ಹೆಣದ ಜೇಬಿನಲ್ಲಿ. ಹಾಗೆಂದು ಹೇಳಲು ಬಾಯಿ ಬಿಡುವಂತಿಲ್ಲ, ಏಕೆಂದರೆ ಸತ್ತವರು ಮಾತಾಡಬಾರದೆಂಬುದು ನಮ್ಮ ಮೇಜಿನ ನಿಯಮ. ಕೈ ತಾನಾಗಿ ಕರೆಂಟ್ ಬಿಲ್ಲಿನತ್ತ ಹೋಯಿತು. "ಹೆಣ ಚೀಟಿ ಬರೆಯೋ ಹಾಗಿಲ್ಲ" ಎಂದು ಮೇಡಂ ಪೆನ್ನು ಕಿತ್ತುಕೊಂಡರು. ಒಂದು ಸುತ್ತಿಗೆ ಆರು ಸೆಕೆಂಡು, ನಿಮಿಷಕ್ಕೆ ಹತ್ತು ಸುತ್ತು. ಅಷ್ಟರೊಳಗೆ ಕಳ್ಳ ಯಾರೆಂದು ಪತ್ತೆಯಾಗಬೇಕು.

ನಾವು ಪಾಪದ ಮಂತ್ರವಾದಿಯ ಮೇಲೆ ಬಿದ್ದೆವು. ಅವನು ಕಾಲೇಜು ಹುಡುಗ, ಅದೇ ವಾರ ಹೊಸ ಮಂತ್ರದಂಡ ಕೊಂಡಿದ್ದ. ದುಡ್ಡೆಲ್ಲಿಂದ ಬಂತು ಹೇಳು ಅಂತ ಹಿಡಿದುಕೊಂಡೆವು. ಮೂರು ಸುತ್ತು ಅದಕ್ಕೇ ಹೋಯಿತು. ಅವನ ಚೀಲ ಕೊಡವಿದ್ದಕ್ಕೆ ಇನ್ನೆರಡು. "ಈ ಹೆಣದ ಜೇಬೂ ನೋಡಿಬಿಡೋಣ" ಎಂದು ನಾನು ಹೇಳಿದ್ದು ನಿಜ. ಆದರೆ ಯೋಧನ ಪಾತ್ರದವರು ಎದೆ ಮುಟ್ಟಿಕೊಂಡು, "ಜೊತೆಗಾರ ಸಾರ್ ಅವನು. ಸತ್ತ ಮೇಲೂ ಅನುಮಾನವಾ?" ಅಂದುಬಿಟ್ಟರು. ಎಲ್ಲರ ಕಣ್ಣೂ ತೇವವಾಯಿತು. ರಾಯರ ಕಣ್ಣಲ್ಲಿ ನೀರೇ ಬಂತು, ಕಾರಣ ಬೇರೆ. ಹತ್ತನೆಯ ಸುತ್ತು ಮುಗಿಯಿತು.

ಮಣ್ಣು ಮಾಡುವ ಮುನ್ನ ಜೇಬು ತಡವಿದಾಗ ಸಿಕ್ಕ ಪಟ್ಟಿ: ನನ್ನ ವಜ್ರ, ಯೋಧನ ಉಂಗುರ, ಮಂತ್ರವಾದಿಯ ಓಲೆ, ಜೊತೆಗೆ ನಮ್ಮನ್ನೆಲ್ಲ ಶತ್ರುವಿಗೆ ಹಿಡಿದುಕೊಡುವುದಾಗಿ ರುಜು ಹಾಕಿದ ಒಪ್ಪಂದ. ಯೋಧರು ಆ ಸಂಜೆ ಕಾಫಿ ಮುಟ್ಟಲಿಲ್ಲ.

ಇಷ್ಟು ಕುತಂತ್ರ ಬೇಕೆಂದರೆ ಅದಕ್ಕೆಂದೇ 'ಪ್ಯಾರನೋಯಾ' ಎಂಬ ಆಟವಿದೆ, 1984ರದು. ಭೂಗತ ನಗರವನ್ನು ಆಳುವ ಕಂಪ್ಯೂಟರಿಗಾಗಿ ದ್ರೋಹಿಗಳನ್ನು ಹುಡುಕುವುದು ನಿಮ್ಮ ಕೆಲಸ, ನೀವೇ ದ್ರೋಹಿ, ಪಕ್ಕದವನೂ ದ್ರೋಹಿ. ಒಬ್ಬೊಬ್ಬರಿಗೆ ಆರು ತದ್ರೂಪಗಳನ್ನು ಕೊಟ್ಟಿರುತ್ತಾರೆ, ಅಷ್ಟು ಸಲ ಸಾಯುವುದು ಖಾತ್ರಿ ಎಂದು. ರಾಯರನ್ನು ಕೂರಿಸಿ ಒಂದು ಸಂಜೆ ಆಡಿಸಿದೆವು. ಸಪ್ಪಗೆ ಕೂತಿದ್ದರು. ಎಲ್ಲರೂ ಮೋಸ ಮಾಡುವ ಊರಲ್ಲಿ ಅವರಿಗೆ ಕೆಲಸವೇ ಇರಲಿಲ್ಲ. ಯೋಧರಂಥ ಒಬ್ಬ ನಂಬುವ ಮನುಷ್ಯನಾದರೂ ಎದುರಿಗೆ ಬೇಕು.

ಆಮೇಲೆ ಡಿಎಂ ಮೇಡಂ ಬಾಯಿಬಿಟ್ಟ ಸಂಗತಿ: ಅಷ್ಟು ವರ್ಷಗಳ ಚೀಟಿಗಳಲ್ಲಿ ಅರ್ಧಕ್ಕರ್ಧ ಖಾಲಿ. ಕೆಲವದರಲ್ಲಿ "ಪೂಜಾರಿ ಕಡೆ ನೋಡಿ ಸ್ವಲ್ಪ ನಗಿ" ಎಂದಷ್ಟೇ. "ಒಂದ್ನಿಮಿಷ ಬರ್ತೀರಾ ಮೇಡಂ" ಎಂದು ಬಾಲ್ಕನಿಗೆ ಕರೆದು ಇಂಗು ಯಾವ ಅಂಗಡಿಯದು ಚೆನ್ನಾಗಿರುತ್ತೆ ಎಂದು ಕೇಳಿದ್ದೂ ಉಂಟಂತೆ. ಅಷ್ಟು ಹೊತ್ತು ನಾವು ಒಳಗೆ ಒಬ್ಬರನ್ನೊಬ್ಬರು ದುರುಗುಟ್ಟಿಕೊಂಡು ಕೂತಿರುತ್ತಿದ್ದೆವು.

ಅವರ ಮನೆಗೆ ಹೋದವರಿಗೆ ಇದು ಅರ್ಥವಾದೀತು. ಒಂದೇ ಸೂರಿನಡಿ ಮೂರು ತಲೆಮಾರು. ಫೋನಿನ ಪಾಸ್‌ವರ್ಡು ಮಕ್ಕಳಿಗೆ ಗೊತ್ತು, ಸಂಬಳ ಮಾವನವರಿಗೆ ಗೊತ್ತು, ರಕ್ತದೊತ್ತಡ ಇಡೀ ಅಪಾರ್ಟ್‌ಮೆಂಟಿಗೆ ಗೊತ್ತು. ಆಫೀಸಿನಲ್ಲಿ ಆಡಿಟ್ ಕೆಲಸ. ಹತ್ತು ರೂಪಾಯಿ ಹೆಚ್ಚು ಬಂದರೂ ವೋಚರ್ ಬರೆದು ವಾಪಸು ಮಾಡುವ ಆಸಾಮಿ. ತನಗೊಬ್ಬನಿಗೇ ಗೊತ್ತಿರುವುದು ಅಂತ ಇಟ್ಟುಕೊಳ್ಳಲು ಆ ಮನುಷ್ಯನಿಗೆ ಇದ್ದದ್ದು ಆ ಅಂಗೈಯಗಲದ ಕಾಗದ. ಅದರಲ್ಲಿ ಬರೆಯಲು ಏನೂ ಇಲ್ಲದಿದ್ದರೂ ಮಡಚಿ ಕೊಡುತ್ತಿದ್ದರು.

ಸತ್ತ ಕಳ್ಳನ ಜಾಗಕ್ಕೆ ರಾಯರು ಹೊಸ ಪಾತ್ರ ತಂದಿದ್ದಾರೆ: ಸುಳ್ಳಾಡುವುದಿಲ್ಲವೆಂದು ವ್ರತ ತೊಟ್ಟ ಧರ್ಮಯೋಧ. ಬಂದಾಗಿನಿಂದ ಒಂದು ಚೀಟಿಯಿಲ್ಲ, ಬಾಲ್ಕನಿಯಿಲ್ಲ. ಹೋದ ಭಾನುವಾರ ಚಿನ್ನ ಹಂಚುವಾಗ, "ಪೂಜಾರಿಗಳಿಗೆ ಹಳೇ ಬಾಕಿ ಇದೆ" ಎಂದು ತಮ್ಮ ಪಾಲಿನ 50 ನಾಣ್ಯ ನನ್ನ ಕಡೆ ತಳ್ಳಿದರು. ನಾನು ಮೆಲ್ಲಗೆ ಒಂದು ಚೀಟಿ ಹರಿದು, ನಾಣ್ಯ ಪರೀಕ್ಷಿಸುತ್ತೇನೆ ಎಂದು ಬರೆದು ಮೇಡಂಗೆ ದಾಟಿಸಿದೆ. ದಾಳ ಚೆನ್ನಾಗಿಯೇ ಬಿತ್ತು. ಎಲ್ಲವೂ ಅಸಲಿ ಎಂದು ಮೇಡಂ ಬರೆದು ವಾಪಸು ಕೊಟ್ಟರು. ಆದರೂ ಅವನ್ನು ಬೇರೆ ಚೀಲದಲ್ಲೇ ಇಟ್ಟಿದ್ದೇನೆ.