ಧ್ರುವನಿಗೆ ಅಡ್ಡ ಬಂದ ನೀರಿನ ಟ್ಯಾಂಕು

ದೂರದರ್ಶಕವನ್ನು ಕೊಳ್ಳಹೊರಟವರು ಅದರ ಕೊಳವೆಗೆ ಮನಸೋಲುತ್ತಾರೆಯೇ ಹೊರತು ಕೊಳವೆಯನ್ನು ಹೊತ್ತು ನಿಲ್ಲುವ ಕಾಲುಗಳತ್ತ ಕಣ್ಣು ಹಾಯಿಸುವುದಿಲ್ಲ. ಈ ಒಂದು ಅಲಕ್ಷ್ಯದ ಫಲವಾಗಿಯೇ ಎಷ್ಟೋ ಮನೆಗಳ ಅಟ್ಟದಲ್ಲಿ, ಹಳೆಯ ಹೊಲಿಗೆ ಯಂತ್ರಕ್ಕೂ ಗೌರಿಹಬ್ಬದ ಮಂಟಪಕ್ಕೂ ನಡುವೆ, ಬಿಳಿಯ ಕೊಳವೆಯೊಂದು ಹಳೆಯ ಪಂಚೆ ಹೊದ್ದು ಮಲಗಿರುತ್ತದೆ. ಮಾರುವವರು ಈ ಮನೋಧರ್ಮವನ್ನು ಚೆನ್ನಾಗಿ ಬಲ್ಲವರಾದ್ದರಿಂದ ಪೆಟ್ಟಿಗೆಯ ಮೇಲೆ ಹಬಲ್ ತೆಗೆದ ನೀಹಾರಿಕೆಯ ಬಣ್ಣದ ಚಿತ್ರವನ್ನೂ ಅದರ ಪಕ್ಕದಲ್ಲಿ ‘525 ಪಟ್ಟು’ ಎಂಬ ದಪ್ಪಕ್ಷರದ ಅಂಕಿಯನ್ನೂ ಅಚ್ಚು ಹಾಕಿಸುತ್ತಾರೆ. ಒಳಗಿರುವ ಸ್ಟ್ಯಾಂಡು ಶಾಮಿಯಾನದವರ ಬಾಡಿಗೆ ಕುರ್ಚಿಯಷ್ಟೇ ಭದ್ರ ಎಂಬುದನ್ನು ಮಾತ್ರ ಅಚ್ಚು ಹಾಕಿಸುವುದಿಲ್ಲ.

ಈ ‘ಪಟ್ಟು’, ಅಂದರೆ ವರ್ಧನೆ, ದೂರದರ್ಶಕದ ಸಂಗಮ ದೂರವನ್ನು ಕಣ್ಣಿಡುವ ಕಡೆಯ ಐಪೀಸಿನ ಸಂಗಮ ದೂರದಿಂದ ಭಾಗಿಸಿದಾಗ ಬರುವ ಲಬ್ಧವಷ್ಟೇ ಆದ್ದರಿಂದ, ಐಪೀಸನ್ನು ಬದಲಿಸುತ್ತ ಅದನ್ನು ಎಷ್ಟು ಬೇಕಾದರೂ ಏರಿಸಬಹುದು. ಸಾರಿಗೆ ನೀರು ಬೆರೆಸಿ ಎಷ್ಟು ಪಂಕ್ತಿಗೆ ಬೇಕಾದರೂ ಬಡಿಸಬಹುದಲ್ಲವೇ, ಹಾಗೆ. ಸಾರಿನಲ್ಲಿ ಬೇಳೆ ಎಷ್ಟಿದೆ ಎಂಬುದನ್ನು ತೀರ್ಮಾನಿಸುವುದು ದ್ಯುತಿರಂಧ್ರ, ಎಂದರೆ ಬೆಳಕನ್ನು ಒಳಗೆ ತೆಗೆದುಕೊಳ್ಳುವ ಮಸೂರದ ಅಥವಾ ಕನ್ನಡಿಯ ಅಗಲ. ಒಂದು ಮಿಲಿಮೀಟರ್ ಅಗಲಕ್ಕೆ ಎರಡು ಪಟ್ಟು ಎಂಬುದು ಬಲ್ಲವರು ಹಾಕಿಕೊಂಡ ಮಿತಿಯಾಗಿದ್ದು, ಅದರ ಪ್ರಕಾರ 60 ಮಿಲಿಮೀಟರ್ ಮಸೂರವು 120 ಪಟ್ಟಿಗೆ ದಣಿಯುತ್ತದೆ. ಅಲ್ಲಿಂದ ಮುಂದೆ ಕಾಣುವುದು ದೊಡ್ಡ ಶನಿಯಲ್ಲ, ದೊಡ್ಡ ಮಬ್ಬು. ಅಗಲವನ್ನು ಇಮ್ಮಡಿಸಿದರೆ ಬೆಳಕು ನಾಲ್ಕು ಪಟ್ಟಾಗುತ್ತದೆ ಎಂಬ ಲೆಕ್ಕ ತಿಳಿದ ದಿನದಿಂದ ಕೊಳ್ಳುವವನಿಗೆ ಬೇರೊಂದು ಕಾಯಿಲೆ ಅಂಟಿಕೊಂಡು, 100 ಮಿಲಿಮೀಟರ್ ಸಾಕೆಂದು ಹೊರಟವನು ಒಂದು ವಾರದಲ್ಲಿ 200ಕ್ಕೂ ತಿಂಗಳ ಹೊತ್ತಿಗೆ 300ಕ್ಕೂ ಬಂದು ನಿಲ್ಲುತ್ತಾನೆ. ಮಸೂರವೋ ಕನ್ನಡಿಯೋ ಎಂಬ ಚರ್ಚೆಗೆ 1668ರಲ್ಲಿ ನ್ಯೂಟನ್ ಕನ್ನಡಿಯ ದೂರದರ್ಶಕವನ್ನು ಮಾಡಿದಂದಿನಿಂದ ಕೊನೆಯಿಲ್ಲವಾದರೂ, ಅದೇ ಹಣಕ್ಕೆ ಹೆಚ್ಚು ಅಗಲ ಸಿಗುವುದು ಕನ್ನಡಿಯಲ್ಲಿಯೇ. ಬದಲಿಗೆ ಅದನ್ನು ಆಗಾಗ ತಿರುಪು ತಿರುವಿ ನೇರಗೊಳಿಸುತ್ತಿರಬೇಕು.

ಕೊಳವೆಯ ವಿಚಾರ ಇಷ್ಟಕ್ಕೆ ಸಾಕು, ಏಕೆಂದರೆ ನಿಜವಾದ ತೊಂದರೆಯ ಮೂಲ ಭೂಮಿಯಲ್ಲಿದೆ. ಅದು ತಿರುಗುವುದರಿಂದ ಆಕಾಶವು ಗಂಟೆಗೆ 15 ಡಿಗ್ರಿಯಂತೆ ಸರಿಯುತ್ತಿರುತ್ತದೆ. ನೂರು ಪಟ್ಟಿನ ಐಪೀಸಿನಲ್ಲಿ ಕಾಣುವ ಆಕಾಶದ ತುಣುಕು ಸುಮಾರು ಅರ್ಧ ಡಿಗ್ರಿಯದಾದ್ದರಿಂದ, ಒಂದು ಅಂಚಿನಲ್ಲಿ ಒಳಬಂದ ಗ್ರಹವು ಎರಡು ನಿಮಿಷದಲ್ಲಿ ಇನ್ನೊಂದು ಅಂಚಿನಿಂದ ಹೊರಬೀಳುತ್ತದೆ. ಶನಿಯ ಬಳೆ ತೋರಿಸುವುದಾಗಿ ಮನೆಮಂದಿಯನ್ನೆಲ್ಲ ಮಹಡಿಗೆ ಹತ್ತಿಸಿದಾಗ, ಅಜ್ಜಿಯು ಸೆರಗು ಸಿಕ್ಕಿಸಿಕೊಂಡು, ಕನ್ನಡಕ ತೆಗೆದು, ಒಂದು ಕಣ್ಣು ಮುಚ್ಚಿ ಬಗ್ಗುವಷ್ಟರಲ್ಲಿ ಅಲ್ಲಿ ಕತ್ತಲಲ್ಲದೆ ಮತ್ತೇನೂ ಇರುವುದಿಲ್ಲ. ಹಿಡಿದರೆ ಏಳೂವರೆ ವರ್ಷ ಬಿಡನೆಂದು ಹೆಸರಾದ ಶನಿಯು ಎರಡೇ ನಿಮಿಷಕ್ಕೆ ಬಿಟ್ಟುಹೋಗುವ ಏಕೈಕ ಸ್ಥಳ ಐಪೀಸು. ಸ್ಟ್ಯಾಂಡು ದುರ್ಬಲವಾಗಿದ್ದರಂತೂ ಕೊಳವೆಯನ್ನು ಮುಟ್ಟಿದಾಗಲೆಲ್ಲ ಗ್ರಹವು ಮೈಮೇಲೆ ಬಂದವರಂತೆ ನಡುಗುತ್ತದೆ. ಆದುದರಿಂದ ಕೊಳವೆಯನ್ನು ಹೊತ್ತು ತಿರುಗಿಸುವ ಪೀಠವನ್ನು, ಅಂಗಡಿಯವರ ಮಾತಿನಲ್ಲಿ ಮೌಂಟನ್ನು, ಮೊದಲು ಆರಿಸಿ ಉಳಿದ ಹಣಕ್ಕೆ ಕೊಳವೆಯನ್ನು ಹುಡುಕುವುದೇ ಸರಿಯಾದ ಕ್ರಮವಾಗಿದ್ದರೂ, ಆ ಕ್ರಮವನ್ನು ಪಾಲಿಸುವವರು ಎರಡನೆಯ ದೂರದರ್ಶಕ ಕೊಳ್ಳುವವರು ಮಾತ್ರ.

ಪೀಠಗಳಲ್ಲಿ ಸರಳವಾದುದು ಕೊಳವೆಯನ್ನು ಮೇಲೆ ಕೆಳಗೆ ಮತ್ತು ಎಡಕ್ಕೆ ಬಲಕ್ಕೆ ತಿರುಗಿಸುವಂಥದು. ಇದರ ಅತಿ ಅಗ್ಗದ, ಅತಿ ಭದ್ರವಾದ ರೂಪವನ್ನು ಬಳಕೆಗೆ ತಂದ ಜಾನ್ ಡಾಬ್ಸನ್ (1915–2014) ಎಂಜಿನಿಯರೂ ಅಲ್ಲ, ವ್ಯಾಪಾರಿಯೂ ಅಲ್ಲ. 1944ರಲ್ಲಿ ಕ್ಯಾಲಿಫೋರ್ನಿಯದ ರಾಮಕೃಷ್ಣ ಪರಂಪರೆಯ ವೇದಾಂತಾಶ್ರಮವನ್ನು ಸೇರಿ 23 ವರ್ಷ ಅಲ್ಲಿದ್ದ ಸಂನ್ಯಾಸಿ. ಹಡಗಿನ ಕಿಟಕಿಯ ದಪ್ಪ ಗಾಜನ್ನು ಉಜ್ಜಿ ಕನ್ನಡಿ ಮಾಡಿ, ರಟ್ಟಿನ ಕೊಳವೆಯಲ್ಲಿ ಕೂರಿಸಿ, ಪ್ಲೈವುಡ್ ಪೆಟ್ಟಿಗೆಯ ಮೇಲಿಟ್ಟು ಬೀದಿಗೆ ತಳ್ಳಿಕೊಂಡು ಹೋಗಿ ದಾರಿಹೋಕರಿಗೆ ಚಂದ್ರನನ್ನು ತೋರಿಸುತ್ತಿದ್ದರೆಂಬುದನ್ನು ನೋಡಿದರೆ, ಸಂಸಾರವನ್ನು ಬಿಟ್ಟವರಿಗೂ ದೂರದರ್ಶಕದ ಗೀಳನ್ನು ಬಿಡುವುದು ಸುಲಭವಲ್ಲ ಎಂದು ತಿಳಿಯುತ್ತದೆ. ಡಾಬ್ಸನ್ ಪೀಠವು ನೆಲದ ಮೇಲೆ ಬೀಸುಕಲ್ಲಿನಂತೆ ತಿರುಗುತ್ತದೆ, ಅಲುಗುವುದಿಲ್ಲ, ಕೆಡುವುದಕ್ಕೆ ಅದರಲ್ಲಿ ಏನೂ ಇಲ್ಲ. ಆದರೆ ಶನಿಯ ಹಿಂದೆ ಅದನ್ನು ಕೈಯಿಂದಲೇ ತಳ್ಳುತ್ತಿರಬೇಕಾದ್ದರಿಂದ ನಿಮಿಷಗಟ್ಟಲೆ ಬೆಳಕು ಹಿಡಿಯುವ ಛಾಯಾಗ್ರಹಣಕ್ಕೆ ಒದಗದು.

ಛಾಯಾಗ್ರಹಣದ ಆಸೆ ಹುಟ್ಟಿದವರ ಗತಿ ಸಮಭಾಜಕ ಪೀಠ. ಇದರಲ್ಲಿ ಒಂದು ಅಕ್ಷವನ್ನು ಭೂಮಿಯ ಅಕ್ಷಕ್ಕೆ ಸಮಾಂತರವಾಗಿ ಧ್ರುವದತ್ತ ಓರೆಯಾಗಿಸಿ, ಅದೊಂದನ್ನೇ ಮೋಟಾರಿನಿಂದ 23 ಗಂಟೆ 56 ನಿಮಿಷಕ್ಕೆ ಒಂದು ಸುತ್ತಿನಂತೆ ತಿರುಗಿಸಿದರೆ ನಕ್ಷತ್ರವು ಐಪೀಸಿನ ನಡುವೆ ನಿಂತುಬಿಡುತ್ತದೆ. ಇಂದು ಹೆಚ್ಚಾಗಿ ಮಾರಾಟವಾಗುವ ಮಾದರಿಗೆ ಮೂಲಪುರುಷನಾದ ಫ್ರಾನ್‌ಹೋಫರ್‌ನ ದೊಡ್ಡ ದೂರದರ್ಶಕವು 1824ರಲ್ಲಿ ಸ್ಥಾಪನೆಯಾದದ್ದು ಈಗಿನ ಎಸ್ಟೋನಿಯದ ಟಾರ್ಟುವಿನಲ್ಲಿ. ಅಲ್ಲಿನ ಅಕ್ಷಾಂಶ 58 ಡಿಗ್ರಿಯಾದ್ದರಿಂದ ಧ್ರುವ ನಕ್ಷತ್ರವೂ ದಿಗಂತದಿಂದ ಅಷ್ಟೇ ಎತ್ತರದಲ್ಲಿ ರಾಜಗಾಂಭೀರ್ಯದಿಂದ ಕೂತಿರುತ್ತದೆ. ಬೆಂಗಳೂರಿನಲ್ಲಿ ಅದರ ಎತ್ತರ 13 ಡಿಗ್ರಿ, ಅಂದರೆ ಚಾಚಿದ ಕೈಯ ಒಂದು ಮುಷ್ಟಿಗಿಂತ ತುಸು ಮೇಲೆ. ಯಾರೂ ಎಬ್ಬಿಸಲಾಗದ ಪದವಿಯನ್ನು ತಪಸ್ಸಿನಿಂದ ಗಳಿಸಿದ ಧ್ರುವನು ಇಲ್ಲಿ ಉತ್ತರದ ಮನೆಯವರ ನೀರಿನ ಟ್ಯಾಂಕಿನ ಹಿಂದೆ ಅಡಗಿರುತ್ತಾನೆ. ಟ್ಯಾಂಕು ಅಡ್ಡವಿಲ್ಲದ ಪುಣ್ಯವಂತರಿಗೂ ತೊಡಕು ತಪ್ಪದು, ಏಕೆಂದರೆ ಧ್ರುವ ನಕ್ಷತ್ರವು ನಿಜವಾದ ಧ್ರುವಬಿಂದುವಿನಿಂದ ಹುಣ್ಣಿಮೆ ಚಂದ್ರನ ಅಗಲಕ್ಕಿಂತ ತುಸು ಹೆಚ್ಚೇ ಸರಿದಿದ್ದು, ತಾನೂ ದಿನಕ್ಕೊಂದು ಪುಟ್ಟ ಪ್ರದಕ್ಷಿಣೆ ಹಾಕುತ್ತಿರುತ್ತದೆ.

ಯುರೋಪು ಅಮೆರಿಕಗಳ ಆಕಾಶವನ್ನು ಮನಸ್ಸಿನಲ್ಲಿಟ್ಟು ಮಾಡಿದ ಹಲವು ಪೀಠಗಳಲ್ಲಿ ಅಕ್ಷಾಂಶದ ಅಳತೆಪಟ್ಟಿಯು 15 ಡಿಗ್ರಿಯ ಆಸುಪಾಸಿನಲ್ಲೇ ಮುಗಿದುಹೋಗುತ್ತದೆ. ಸುಮಾರು 18 ಡಿಗ್ರಿಯ ಬೀದರಿನವರು ಇದರಿಂದ ಪಾರಾದರೂ ಬೆಂಗಳೂರು, ಮೈಸೂರು, ಮಂಗಳೂರಿನವರು ದಕ್ಷಿಣದ ಕಾಲುಗಳ ಕೆಳಗೆ ಇಟ್ಟಿಗೆಯನ್ನೋ ಹಳೆಯ ದೂರವಾಣಿ ಡೈರೆಕ್ಟರಿಯನ್ನೋ ಇಟ್ಟು ಇಡೀ ಯಂತ್ರವನ್ನು ಉತ್ತರಕ್ಕೆ ಬಾಗಿಸಬೇಕಾಗುತ್ತದೆ. ಹಾಗೆ ಬಾಗಿದ ಯಂತ್ರದಲ್ಲಿ ಕೊಳವೆಯನ್ನು ಸರಿದೂಗಿಸಲು ತೂಗುಬಿಟ್ಟ ಕಬ್ಬಿಣದ ಪ್ರತಿಭಾರವು, ಆಕಾಶದ ಕೆಲವು ಭಾಗಗಳತ್ತ ತಿರುಗಿಸುವ ಹೊತ್ತಿಗೆ, ಸ್ಟ್ಯಾಂಡಿನ ಕಾಲಿಗೆ ಠಣ್ಣೆಂದು ಬಡಿದು ನಿಲ್ಲುತ್ತದೆ. ಕಾವಲೂರಿನ 2.34 ಮೀಟರ್ ವೇಣು ಬಾಪ್ಪು ದೂರದರ್ಶಕಕ್ಕೂ ಇದೇ ಕೆಳ ಅಕ್ಷಾಂಶವಿದ್ದರೂ ಅದಕ್ಕೆ ಕುದುರೆಲಾಳದ ಆಕಾರದ ಬೃಹತ್ ಪೀಠವನ್ನು ಕಟ್ಟಿಸಲಾಗಿದೆ. ಮಹಡಿಯ ಮೇಲೆ ಆ ಪರಿಹಾರಕ್ಕೆ ಜಾಗವಿಲ್ಲ.

ಇಷ್ಟೆಲ್ಲ ಪಾಡು ಬೇಡವೆನ್ನುವವರಿಗೆ ಆಕಾಶಕಾಯಗಳನ್ನು ತಾನೇ ಹುಡುಕಿ ಹಿಂಬಾಲಿಸುವ ಗಣಕಯಂತ್ರದ ಪೀಠಗಳಿವೆ. ಆದರೆ ಕೆಲವು ಅಮೆರಿಕದ ಪದ್ಧತಿಯಂತೆ ತಿಂಗಳನ್ನು ಮೊದಲು ಕೇಳುವುದರಿಂದ, ಆಗಸ್ಟ್ 7ರ ರಾತ್ರಿ 07-08 ಎಂದು ಒತ್ತಿದರೆ ಯಂತ್ರವು ಅದನ್ನು ಜುಲೈ 8 ಎಂದು ತಿಳಿದು, ಆಕಾಶದ ಲೆಕ್ಕ 30 ಡಿಗ್ರಿ ತಪ್ಪಿ, ಮೋಟಾರಿನ ಗುಂಯ್‌ಗುಟ್ಟುವಿಕೆಯೊಂದಿಗೆ ಬಹು ಆತ್ಮವಿಶ್ವಾಸದಿಂದ ಪಕ್ಕದ ಮನೆಯ ಅಡುಗೆಮನೆಯ ಕಿಟಕಿಗೆ ಗುರಿಯಿಟ್ಟು ‘ಗುರು’ ಎಂದು ತೋರಿಸಬಹುದು. ಆಗಸ್ಟಿನಲ್ಲಿ ಹೇಗೂ ಮೋಡ. ಮುಂಗಾರಿನಲ್ಲಿ ಪೆಟ್ಟಿಗೆ ತಂದವರು ಮೃಗಶಿರಾ, ಆರಿದ್ರಾ, ಪುನರ್ವಸುಗಳನ್ನು ನಕ್ಷತ್ರಗಳಾಗಿ ನೋಡುವುದಿಲ್ಲ, ಮಳೆಗಳಾಗಿ ನೋಡುತ್ತಾರೆ. ಸೂರ್ಯನು ಆಯಾ ನಕ್ಷತ್ರದ ಬಳಿ ಇರುವ ಕಾಲಕ್ಕೇ ಆ ಹೆಸರಿನ ಮಳೆ ಎಂದು ಪಂಚಾಂಗವಿರುವುದರಿಂದ, ಮೋಡ ಸರಿದರೂ ಅವು ಕಾಣುವಂತಿಲ್ಲ.

ಕೊನೆಗೆ ಉಳಿಯುವುದು ಭಾರದ ಪ್ರಶ್ನೆ. ವೃತ್ತಿಪರ ವಿಜ್ಞಾನಿಗಳು ಹೊಸಕೋಟೆಯಲ್ಲಿ ಕುಳಿತೇ ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರುವ ದೂರದರ್ಶಕವನ್ನು ಉಪಗ್ರಹದ ಮೂಲಕ ನಡೆಸುತ್ತಾರೆ, ಹವ್ಯಾಸಿಯಾದರೋ ತನ್ನದನ್ನು ತಾನೇ ಹೊರಬೇಕು. ದೇವಸ್ಥಾನಗಳಲ್ಲಿ ಗರ್ಭಗುಡಿ ಬಿಟ್ಟು ಕದಲದ ಮೂಲವಿಗ್ರಹಕ್ಕೆ ಜೊತೆಯಾಗಿ ಬೀದಿ ಸುತ್ತಲು ಹಗುರವಾದ ಉತ್ಸವಮೂರ್ತಿಯನ್ನು ಇಟ್ಟುಕೊಂಡ ಹಿರಿಯರು ಈ ಸಮಸ್ಯೆಯನ್ನು ಸರಿಯಾಗಿಯೇ ಅರಿತಿದ್ದರು. 200 ಮಿಲಿಮೀಟರ್‌ನ ಡಾಬ್ಸನ್ ದೂರದರ್ಶಕವು ಪೀಠವೂ ಸೇರಿ 20 ಕಿಲೋಗೂ ಮೇಲೆ ತೂಗುತ್ತದೆ. ಕೊಳ್ಳುವ ಮನಸ್ಸಿರುವವರು ಮುಂಗಡ ಕೊಡುವ ಮೊದಲು 25 ಕಿಲೋ ಅಕ್ಕಿ ಮೂಟೆಯೊಂದನ್ನು ಮೂರು ರಾತ್ರಿ ಮಹಡಿಗೆ ಹೊತ್ತು, ಒಂದು ಗಂಟೆ ಕತ್ತಲಲ್ಲಿ ಅದರ ಪಕ್ಕದಲ್ಲಿ ನಿಂತು, ಮತ್ತೆ ಇಳಿಸಿ ನೋಡಬೇಕು. ನಾಲ್ಕನೆಯ ರಾತ್ರಿಯೂ ಹೊರಲು ಮನಸ್ಸಾದವರು ದೂರದರ್ಶಕವನ್ನು ಧಾರಾಳವಾಗಿ ತರಬಹುದು; ಉಳಿದವರಿಗೆ ಒಂದು ಕಿಲೋ ತೂಗದ ಬೈನಾಕ್ಯುಲರಿನಲ್ಲಿಯೂ ಗುರುವಿನ ಉಪಗ್ರಹಗಳು ಕಾಣುತ್ತವೆ.